ಹೆಸರಿನೊಳಗಿನ ಹರಳು

ಗ್ರೀಸ್, ಸೈಪ್ರಸ್‌ಗಳಲ್ಲಿ ಕ್ರಿಸ್ತಾಲೋ ಎಂಬ ಹೆಸರಿನ ಹೆಂಗಸರಿದ್ದಾರೆ. ‘ಕ್ರಿಸ್ತಾಲೋಸ್’ ಎಂದರೆ ಮೊದಲಿಗೆ ಮಂಜುಗಡ್ಡೆ. ಬೆಟ್ಟಗಳಲ್ಲಿ ಸಿಗುವ ಸ್ಫಟಿಕವು ಮತ್ತೆಂದೂ ಕರಗದಷ್ಟು ಹೆಪ್ಪುಗಟ್ಟಿದ ನೀರೆಂದು ಪ್ರಾಚೀನರು ನಂಬಿದ್ದರು. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿಯೂ ಹಾಗೆಯೇ ಬರೆದ. ನಿಜದಲ್ಲಿ ಅದು ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ ಖನಿಜ, ನಮ್ಮ ಬೆಣಚುಕಲ್ಲಿನದೇ ಜಾತಿ. ನಂಬಿಕೆ ಹೋಯಿತು, ಹೆಸರು ಉಳಿಯಿತು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ವಾಡಿಕೆ ಗ್ರೀಕರಲ್ಲೂ ಬಲವಾಗಿರುವುದರಿಂದ ಇಂಥ ಹೆಸರುಗಳು ಅಷ್ಟು ಸುಲಭವಾಗಿ ಅಳಿಯುವುದಿಲ್ಲ.

ಈ ಹರಳುಗಳ ಬಗ್ಗೆ ಹಳೆಯ ಗ್ರೀಕರಿಗೆ ಏನು ಗೊತ್ತಿತ್ತು ಎಂಬುದಕ್ಕೆ ಅರಿಸ್ಟಾಟಲನ ಶಿಷ್ಯ ಥಿಯೋಫ್ರಾಸ್ಟಸ್ ಕಲ್ಲುಗಳ ಮೇಲೆ ಬರೆದ ಪುಟ್ಟ ಪುಸ್ತಕವೇ ಸಾಕ್ಷಿ. ‘ಮಾರ್ಗರಿತೀಸ್’, ಅಂದರೆ ಮುತ್ತು, ಚಿಪ್ಪಿನೊಳಗೆ ಹುಟ್ಟುತ್ತದೆ, ಭಾರತದ ಕಡೆಯಿಂದ ಬರುತ್ತದೆ ಎಂದು ಅವನು ದಾಖಲಿಸಿದ್ದಾನೆ. ಮಾರ್ಗರೀತಾ ಎಂಬ ಹೆಸರಿನ ಬೇರು ಅದೇ. ಮುತ್ತಿಗೆ ಗಣಿ ಇಲ್ಲ. ಮೃದ್ವಂಗಿಯು ತನ್ನೊಳಗೆ ಸೇರಿದ ಅನ್ಯವಸ್ತುವಿನ ಸುತ್ತ ಕ್ಯಾಲ್ಸಿಯಂ ಕಾರ್ಬೊನೇಟನ್ನು ಪದರ ಪದರವಾಗಿ ಹೊದಿಸುತ್ತದೆ. ಆ ತೆಳು ಪದರಗಳಲ್ಲಿ ಬೆಳಕು ಪ್ರತಿಫಲಿಸಿ ಮುತ್ತಿನ ಹೊಳಪು ಹುಟ್ಟುತ್ತದೆ.

ಸ್ಮರಾಗ್ದಾ ಎಂಬ ಹೆಸರು ಕನ್ನಡಿಗರ ಕಿವಿಗೆ ಪೂರ್ತಿ ಅಪರಿಚಿತವಲ್ಲ. ಅದರ ಮೂಲವಾದ ‘ಸ್ಮರಾಗ್ದೋಸ್’ ಮತ್ತು ನಮ್ಮ ‘ಮರಕತ’ ಒಂದೇ ಬಳ್ಳಿಯ ಪದಗಳು ಎನ್ನುತ್ತಾರೆ ಭಾಷಾವಿಜ್ಞಾನಿಗಳು. ಕಣ್ಣಿಗೆ ತಂಪೆಂದು ಜನ ಈ ಹಸಿರು ಹರಳಿನ ಮುದ್ರೆಗಳನ್ನು ಜೊತೆಗಿಟ್ಟುಕೊಳ್ಳುತ್ತಿದ್ದರೆಂದು ಥಿಯೋಫ್ರಾಸ್ಟಸ್ ಬರೆಯುತ್ತಾನೆ. ಬೆರಿಲ್ ಎಂಬ ಖನಿಜ ಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ. ಅದರಲ್ಲಿ ಚೂರು ಕ್ರೋಮಿಯಂ ಅಥವಾ ವೆನೇಡಿಯಂ ಬೆರೆತರೆ ಪಚ್ಚೆ.

ಜಾಫಿರಿಯಾ ಎಂಬುದು ನೀಲಮಣಿಯ ಹೆಸರು. ಆದರೆ ‘ಸಾಫೈರೋಸ್’ ಮೇಲೆ ಚಿನ್ನದ ಚುಕ್ಕಿಗಳಿವೆ ಎಂದಿದೆ ಥಿಯೋಫ್ರಾಸ್ಟಸನ ಪುಸ್ತಕ. ನೀಲಮಣಿಯಲ್ಲಿ ಅಂಥ ಚುಕ್ಕಿಗಳಿರುವುದಿಲ್ಲ. ಅಂದಿನವರು ಹಾಗೆ ಕರೆದದ್ದು ಲಾಪಿಸ್ ಲಾಜುಲಿ ಎಂಬ ನೀಲಿ ಕಲ್ಲನ್ನು, ಆ ಚುಕ್ಕಿಗಳು ಪೈರೈಟ್ ಎಂಬ ಖನಿಜ. ಕಲ್ಲು ಬದಲಾದರೂ ಹೆಸರು ಬದಲಾಗಲಿಲ್ಲ.

ಎಲೆಕ್ಟ್ರಾ ಹೆಸರಿನ ಪಯಣ ಇನ್ನೂ ದೂರದ್ದು.

‘ಎಲೆಕ್ಟ್ರಾನ್’ ಎಂದರೆ ಗ್ರೀಕಿನಲ್ಲಿ ಅಂಬರು. ಅದೂ ಕಲ್ಲಲ್ಲ, ಮರದ ಅಂಟು ಲಕ್ಷಾಂತರ ವರ್ಷಗಳಲ್ಲಿ ಗಟ್ಟಿಯಾದದ್ದು. ಉಣ್ಣೆಗೆ ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುತ್ತದೆ. 1600ರಲ್ಲಿ ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ ಈ ಗುಣವಿರುವ ವಸ್ತುಗಳಿಗೆಲ್ಲ ಅಂಬರಿನ ಹೆಸರನ್ನೇ ಕೊಟ್ಟ. ‘ಎಲೆಕ್ಟ್ರಿಸಿಟಿ’ ಬಂದದ್ದು ಅಲ್ಲಿಂದ. 1891ರಲ್ಲಿ ವಿಜ್ಞಾನಿ ಜಾರ್ಜ್ ಜಾನ್‌ಸ್ಟನ್ ಸ್ಟೋನಿ ವಿದ್ಯುದಂಶದ ಘಟಕವನ್ನು ‘ಎಲೆಕ್ಟ್ರಾನ್’ ಎಂದೇ ಕರೆದ.

ದಿಯಾಮಾಂತೋ ಎಂಬುದು ವಜ್ರದ ಹೆಸರು. ಅದರ ಮೂಲ ‘ಅದಾಮಾಸ್’, ಅಂದರೆ ಮಣಿಯದ್ದು. ಗೀರುವುದಕ್ಕೆ ವಜ್ರ ಮಣಿಯದು ನಿಜ, ಆದರೆ ಸುತ್ತಿಗೆಯ ಏಟಿಗೆ ಸೀಳುತ್ತದೆ, ಆಮ್ಲಜನಕದಲ್ಲಿ ಕಾಯಿಸಿದರೆ ಉರಿದೇ ಹೋಗುತ್ತದೆ. ಅದು ಬರೀ ಇಂಗಾಲವೆಂದು 1797ರಲ್ಲಿ ರಸಾಯನವಿಜ್ಞಾನಿ ಸ್ಮಿತ್‌ಸನ್ ಟೆನಂಟ್ ಉರಿಸಿಯೇ ತೋರಿಸಿದ.

ಮಗುವಿಗೆ ಹೆಸರು ಹುಡುಕುವವರಿಗೆ ಒಂದು ಎಚ್ಚರಿಕೆ: ಅಗಾಥಾ ಎಂದರೆ ಅಗೇಟ್ ಕಲ್ಲು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಗಾಥಾ ಬಂದದ್ದು ‘ಒಳ್ಳೆಯ’ ಎಂಬರ್ಥದ ‘ಅಗಾಥೋಸ್’ನಿಂದ. ಅಗೇಟಿಗೆ ಹೆಸರು ಕೊಟ್ಟದ್ದು ಸಿಸಿಲಿಯ ಅಖಾತೀಸ್ ಎಂಬ ನದಿ.