ಸೆರೆಮನೆಯೂ ಮತಪೆಟ್ಟಿಗೆಯೂ

ತಿರುವನಂತಪುರದ ಪೂಜಪ್ಪುರದಲ್ಲಿರುವ ಸೆಂಟ್ರಲ್ ಜೈಲನ್ನು ನಮ್ಮ ಹೋಟೆಲು ಬಂಧುಗಳಲ್ಲಿ ಅನೇಕರು ಬಲ್ಲರು. ಕೇರಳದ ಸೆರೆಮನೆಗಳಲ್ಲಿ ಕೈದಿಗಳು ಚಪಾತಿ ಲಟ್ಟಿಸಿ, ಪಲ್ಯ ಬೇಯಿಸಿ, ಸಾರ್ವಜನಿಕರಿಗೆ ಅಗ್ಗದ ಬೆಲೆಗೆ ಮಾರುವ ಏರ್ಪಾಡು ವರ್ಷಗಳಿಂದ ನಡೆದುಬಂದಿದೆ. ಮೊದಮೊದಲು ಒಂದು ಚಪಾತಿಗೆ ಎರಡೇ ರೂಪಾಯಿ! ನಮ್ಮ ಕಸುಬಿಗೇ ಪೈಪೋಟಿ ಒಡ್ಡಿದ ಆ ಪಾಕಶಾಲೆಯಲ್ಲಿ ಹಿಟ್ಟು ನಾದುವ ಕೈಗೆ ಕೂಲಿಯುಂಟು. ಆದರೆ ಚುನಾವಣೆಯ ದಿನ ಆ ಕೈಯ ಬೆರಳಿಗೆ ಶಾಯಿ ತಗಲುವಂತಿಲ್ಲ. ಇದು ನ್ಯಾಯವೇ ಎಂಬುದು ಪ್ರಜಾಪ್ರಭುತ್ವವನ್ನು ಒಪ್ಪಿದ ಪ್ರತಿಯೊಬ್ಬನೂ ಒಮ್ಮೆ ಕೇಳಿಕೊಳ್ಳಬೇಕಾದ ಪ್ರಶ್ನೆಯಾಗಿದೆ.

ಕಾಯಿದೆ ಏನೆನ್ನುತ್ತದೆ?

1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 62ನೆಯ ಕಲಮಿನ 5ನೆಯ ಉಪಕಲಮಿನ ಪ್ರಕಾರ, ಶಿಕ್ಷೆಯಿಂದಾಗಲಿ ಬೇರೆ ಕಾರಣದಿಂದಾಗಲಿ ಸೆರೆಮನೆಯಲ್ಲಿರುವವನೂ, ಪೊಲೀಸರ ವಶದಲ್ಲಿರುವವನೂ ಮತ ಹಾಕುವಂತಿಲ್ಲ. ಮುಂಜಾಗ್ರತೆಯ ಬಂಧನದಲ್ಲಿರುವವರಿಗೆ ಮಾತ್ರ ವಿನಾಯಿತಿಯುಂಟು. ಅವರು ಅಂಚೆಯ ಮೂಲಕ ಮತ ಹಾಕಬಹುದು.

ವಿಚಿತ್ರವನ್ನು ನೋಡಿರಿ. ಘೋರ ಅಪರಾಧಕ್ಕೆ ಶಿಕ್ಷೆ ಹೊಂದಿ, ಅಪೀಲಿನ ಮೇಲೆ ಜಾಮೀನು ಪಡೆದು ಹೊರಗಿರುವವನು ಮತಗಟ್ಟೆಗೆ ಹೋಗಬಲ್ಲನು. ಆರೋಪವಿನ್ನೂ ಸಿದ್ಧವಾಗದೆ, ಜಾಮೀನಿಗೆ ದುಡ್ಡಿಲ್ಲದೆ ಒಳಗೆ ಕುಳಿತವನು ಹೋಗಲಾರನು. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ, ಎಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರೇ ಆಗಿದ್ದರೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ಅಪರಾಧಿಗಳಿಗೆಂದು ಹೂಡಿದ ಬಲೆಗೆ ಬಿದ್ದವರು ಹೆಚ್ಚಾಗಿ ಬಡವರು.

ಮತ ಕೇಳಬಹುದು, ಹಾಕಬಾರದು

ಮಂಗಳೂರಿನ ಶ್ರೀ ಜಾರ್ಜ್ ಫರ್ನಾಂಡಿಸರನ್ನು ನಮ್ಮವರು ಮರೆತಿರಲಾರರು. 1949ರಲ್ಲಿ ಮುಂಬಯಿಗೆ ಹೋಗಿ, ಹೋಟೆಲು ಕಾರ್ಮಿಕರನ್ನೂ ಟ್ಯಾಕ್ಸಿ ಚಾಲಕರನ್ನೂ ಸಂಘಟಿಸಿದವರು ಅವರು. ತುರ್ತುಪರಿಸ್ಥಿತಿಯ ಕಾಲದಲ್ಲಿ ಬರೋಡಾ ಡೈನಮೈಟ್ ಮೊಕದ್ದಮೆಯ ಆರೋಪಿಯಾಗಿ ಸೆರೆಯಲ್ಲಿದ್ದುಕೊಂಡೇ 1977ರಲ್ಲಿ ಬಿಹಾರದ ಮುಜಫರಪುರದಿಂದ ಸ್ಪರ್ಧಿಸಿ, ಮೂರು ಲಕ್ಷಕ್ಕೂ ಹೆಚ್ಚಿನ ಮತಗಳ ಅಂತರದಿಂದ ಗೆದ್ದರು. ಲಕ್ಷಾಂತರ ಜನರು ಯಾರಿಗೆ ಮತವಿತ್ತರೋ, ಆ ವಿಚಾರಣಾಧೀನನಿಗೆ ತನ್ನದೊಂದು ಮತವನ್ನು ಹಾಕಲು ಕಾಯಿದೆ ಎಡೆಗೊಡಲಿಲ್ಲ. ಶಾಸನ ಮಾಡಲು ಯೋಗ್ಯನಾದವನು ಶಾಸಕನನ್ನು ಆರಿಸಲು ಅಯೋಗ್ಯನೇ?

ಕೇರಳದಲ್ಲಿಯೂ ಉದಾಹರಣೆಯಿದೆ. ಶ್ರೀ ಅಬ್ದುಲ್ ನಾಸರ್ ಮದನಿಯವರು 1998ರಿಂದ 2007ರವರೆಗೆ ಕೊಯಮತ್ತೂರಿನ ಬಾಂಬು ಸ್ಫೋಟದ ಮೊಕದ್ದಮೆಯಲ್ಲಿ ವಿಚಾರಣಾಧೀನ ಕೈದಿಯಾಗಿದ್ದು, ಕೊನೆಗೆ ನಿರ್ದೋಷಿಯೆಂದು ಬಿಡುಗಡೆ ಹೊಂದಿದರು. ಅನಂತರ ಬೆಂಗಳೂರಿನ ಬೇರೊಂದು ಮೊಕದ್ದಮೆಯನ್ನು ಅವರು ಎದುರಿಸಬೇಕಾದುದು ಬೇರೆ ಮಾತು. ಆ ಒಂಬತ್ತು ವರ್ಷಗಳಲ್ಲಿ ಲೋಕಸಭೆಗೆ ಎರಡು, ಕೇರಳದ ವಿಧಾನಸಭೆಗೆ ಎರಡು ಮಹಾಚುನಾವಣೆಗಳು ಕಳೆದುಹೋದವು. ನ್ಯಾಯಾಲಯವು ಸ್ವಾತಂತ್ರ್ಯವನ್ನು ಹಿಂದಿರುಗಿಸಬಲ್ಲದು. ಕಳೆದುಹೋದ ಮತವನ್ನು ಯಾರು ಹಿಂದಿರುಗಿಸುವರು?

ಎದುರು ಪಕ್ಷದ ಮಾತು

1997ರಲ್ಲಿ ಅನುಕೂಲಚಂದ್ರ ಪ್ರಧಾನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಷೇಧವನ್ನು ಎತ್ತಿಹಿಡಿಯಿತು. ತನ್ನ ನಡತೆಯಿಂದಲೇ ಸೆರೆ ಸೇರಿದವನು ಹೊರಗಿನವರಿಗಿರುವ ಸ್ವಾತಂತ್ರ್ಯವನ್ನು ಕೇಳಲಾಗದು. ಕೈದಿಗಳ ಮತದಾನಕ್ಕೆ ಬಹಳ ಪೊಲೀಸರೂ ಖರ್ಚೂ ಬೇಕು. ಚುನಾವಣೆಯಿಂದ ಅಪರಾಧಿಗಳನ್ನು ದೂರವಿಡಬೇಕು ಎಂಬುವು ಅಲ್ಲಿಯ ಕಾರಣಗಳು. 2020ರಲ್ಲಿ ದೆಹಲಿಯ ಹೈಕೋರ್ಟೂ ಕೈದಿಗಳ ಪರವಾದ ಅರ್ಜಿಯನ್ನು ತಳ್ಳಿಹಾಕಿತು.

ಈ ಮಾತುಗಳನ್ನು ಹಗುರವಾಗಿ ಕಾಣಲಾಗದು. ಕೊಲೆಗಡುಕನ ಕೈಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯು, ತನ್ನ ಮತಕ್ಕೂ ಅವನ ಮತಕ್ಕೂ ಒಂದೇ ತೂಕವೇ ಎಂದು ಕೇಳಿದರೆ, ಆಕೆಯೆದುರು ತಲೆಯೆತ್ತಿ ಉತ್ತರ ಕೊಡುವುದು ಕಷ್ಟ. ಆದರೂ ಶಿಕ್ಷೆಯನ್ನು ವಿಧಿಸತಕ್ಕವನು ನ್ಯಾಯಾಧೀಶನು. ಮತವನ್ನು ಕಳೆಯಬೇಕೆಂದು ಅವನು ತೀರ್ಪಿನಲ್ಲಿ ಬರೆದಿಲ್ಲ. ಬೀಗ ಹಾಕಿದ ಬಾಗಿಲು ತಾನಾಗಿಯೇ ಅದನ್ನು ಕಳೆಯುತ್ತದೆ. ಖರ್ಚಿನ ವಾದವಂತೂ ನಿಲ್ಲದು. ಮುಂಜಾಗ್ರತೆಯ ಬಂಧಿತನಿಗೆ ಅಂಚೆ ಸಾಕಾದರೆ, ಪಕ್ಕದ ಕೋಣೆಯವನಿಗೂ ಅದು ಸಾಕು. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯವು 1999ರಲ್ಲಿ, ಕೆನಡಾದ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಕೈದಿಗಳ ಮತದ ಪರವಾಗಿ ತೀರ್ಪಿತ್ತವು. ಬ್ರಿಟನ್ನಿನ ಸಗಟು ನಿಷೇಧವು ಸಲ್ಲದೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2005ರಲ್ಲಿ ಹೇಳಿತು. ಆ ದೇಶಗಳೇನೂ ಕಳ್ಳರ ಪಾಲಾಗಲಿಲ್ಲ.

ನಮ್ಮ ಮತವೇನೆಂದರೆ, ವಿಚಾರಣಾಧೀನರಿಗೆ ತಡವಿಲ್ಲದೆ ಅಂಚೆಯ ಮತ ದೊರೆಯಬೇಕು. ಶಿಕ್ಷೆ ಹೊಂದಿದವರ ಮತ್ತು ಘೋರ ಅಪರಾಧಿಗಳ ವಿಷಯದಲ್ಲಿ ಮತವನ್ನು ಕಳೆಯುವುದೇ ಆದರೆ, ಅಪರಾಧವನ್ನು ತೂಗಿ ನೋಡಿ ನ್ಯಾಯಾಧೀಶನೇ ಬಾಯಿಬಿಟ್ಟು ಹೇಳಲಿ.

ನಮಗೇಕೆ ಈ ಚಿಂತೆ?

ಊರು ಬಿಟ್ಟು ಬಂದವನಿಗೆ ಈ ವಿಷಯ ದೂರದ್ದಲ್ಲ. ಕೊಚ್ಚಿಯ ಹೋಟೆಲೊಂದರ ಸಪ್ಲೈಯರನು ಯಾವುದೋ ಜಗಳದಲ್ಲಿ ಸಿಕ್ಕಿಬಿದ್ದನೆಂದು ಭಾವಿಸಿರಿ. ಸ್ಥಳೀಯನಾದರೆ ಸಂಜೆಯೊಳಗೆ ಮಾವನೋ ನೆರೆಯವನೋ ಕರ ಕಟ್ಟಿದ ರಸೀದಿ ಹಿಡಿದು ಜಾಮೀನಿಗೆ ಬರುವನು. ಕುಂದಾಪುರದ ಹುಡುಗನಿಗೆ ಇಲ್ಲಿ ಜಮೀನೂ ಇಲ್ಲ, ಜಾಮೀನೂ ಇಲ್ಲ. ಚುನಾವಣೆ ಬಂದಾಗ ಅವನು ಕಾಕ್ಕನಾಡಿನ ಜೈಲಿನಲ್ಲಿದ್ದರೆ, ತಪ್ಪು ಮಾಡಿದ್ದರೂ ಮಾಡದಿದ್ದರೂ ಅವನ ಮತ ಹೋದಂತೆಯೇ. ಇಂಥವರಿಗೆ ಜಾಮೀನು ನಿಲ್ಲುವುದು ನಮ್ಮ ಸಂಘಗಳ ಕರ್ತವ್ಯವಾಗಬೇಕು.

ಇನ್ನೊಂದು ಮಾತು. ಸೆರೆಯಲ್ಲಿದ್ದ ಮಾತ್ರಕ್ಕೆ ಮತದಾರರ ಪಟ್ಟಿಯಲ್ಲಿರುವ ಹೆಸರು ಅಳಿಯದೆಂದು 2013ರ ತಿದ್ದುಪಡಿಯು ಸ್ಪಷ್ಟಪಡಿಸಿದೆ. ಲಂಚ ಕೊಡುವುದು, ಇನ್ನೊಬ್ಬನ ಹೆಸರಿನಲ್ಲಿ ಮತ ಹಾಕುವುದು ಮೊದಲಾದ ಚುನಾವಣೆಯ ಅಪರಾಧಗಳಿಗೆ ಶಿಕ್ಷೆ ಹೊಂದಿದವನು ಆರು ವರ್ಷ ಮತ ಕಳೆದುಕೊಳ್ಳುತ್ತಾನೆ; ಉಳಿದಂತೆ ಶಿಕ್ಷೆ ಮುಗಿಸಿ ಹೊರಬಂದವನು ನಮ್ಮಂತೆಯೇ ಮತದಾರನು. ಅಂಥವನೊಬ್ಬನು ನಾಳೆ ನಮ್ಮ ಅಡಿಗೆಮನೆಯ ಬಾಗಿಲಲ್ಲಿ ಕೆಲಸ ಕೇಳಿ ನಿಂತರೆ, ರಾಷ್ಟ್ರವೇ ಸರಿಸಮಾನನೆಂದು ಒಪ್ಪಿದವನನ್ನು ನಾವು ಹೊರಗಟ್ಟುವುದು ಸಲ್ಲದು.

ಸೆರೆಯಲ್ಲಿಲ್ಲದ ನಾವಾದರೂ ನಮ್ಮ ಮತವನ್ನು ಹಾಕುತ್ತಿರುವೆವೇ? ಊರಿಗೆ ಹೋಗಲು ರಜೆಯಿಲ್ಲವೆಂದು ಕೊರಗುವವರು ಎಂಟನೆಯ ನಮೂನೆಯ ಅರ್ಜಿ ಸಲ್ಲಿಸಿ, ವಾಸವಿರುವ ಕಡೆಗೇ ಹೆಸರನ್ನು ವರ್ಗಾಯಿಸಿಕೊಳ್ಳಬಹುದು. ಗೋಡೆಯ ಆಚೆಗಿರುವವನು ಹಂಬಲಿಸುವ ಹಕ್ಕನ್ನು ಈಚೆಗಿರುವವರು ಸೋಮಾರಿತನದಿಂದ ಕಳೆದುಕೊಳ್ಳದಿರಲಿ.