ಉಲ್ಕಾಪಾತಕ್ಕೆ ಕಲ್ಲೇ ಸಾಕ್ಷಿ

ಅಮೆರಿಕದ ಅರಿಜೋನಾ ಪ್ರಾಂತದ ಮರುಭೂಮಿಯಲ್ಲಿ ಬಟ್ಟಲಿನಾಕಾರದ ಮಹಾಗರ್ತವೊಂದುಂಟು. ಅದರ ಅಗಲವು ಸುಮಾರು ಮುಕ್ಕಾಲು ಮೈಲಿ. ಆಳವು ಸುಮಾರು ೫೬೦ ಅಡಿ. ಇದನ್ನು ತೋಡಿದುದು ಆಕಾಶದಿಂದ ಬಿದ್ದ ಉಲ್ಕೆಯೋ, ನೆಲದೊಳಗಣ ಆವಿಯ ಸ್ಫೋಟವೋ ಎಂಬ ವಿವಾದವು ಬಹುಕಾಲ ನಡೆಯಿತು. ಸುತ್ತಲೂ ಉಲ್ಕೆಯ ಕಬ್ಬಿಣದ ತುಣುಕುಗಳೇನೋ ಬಿದ್ದಿದ್ದುವು. ಆದರೆ ೧೮೯೧ರಲ್ಲಿ ಅಲ್ಲಿಗೆ ಹೋದ ಗಿಲ್ಬರ್ಟ್ ಎಂಬ ಭೂಗರ್ಭಶಾಸ್ತ್ರಜ್ಞನು, ಕೆಳಗೆ ಕಬ್ಬಿಣದ ಮಹಾಪಿಂಡವು ಹೂತಿದ್ದರೆ ಅಯಸ್ಕಾಂತದ ಸೂಜಿಯು ಓಲಬೇಕಲ್ಲವೆ ಎಂದು ಪರೀಕ್ಷಿಸಿ, ಅದು ಓಲದಿರಲು, ಆವಿಯ ಪಕ್ಷವನ್ನೇ ಹಿಡಿದನು.

ಬ್ಯಾರಿಂಜರ್ ಎಂಬ ಗಣಿಗಾರನು ಇದನ್ನು ಒಪ್ಪಲಿಲ್ಲ. ೧೯೦೩ರಿಂದ ಮೊದಲುಗೊಂಡು ಕಾಲು ಶತಮಾನ ಅಲ್ಲಿ ಬಾವಿ ತೋಡಿಸಿದನು, ಬೈರಿಗೆ ಇಳಿಸಿದನು. ಪಿಂಡವು ದೊರೆಯಲಿಲ್ಲ, ಹಣವು ಮಣ್ಣುಪಾಲಾಯಿತು. ೧೯೨೯ರಲ್ಲಿ ಅವನು ಕಾಲವಾದನು. ಅಪ್ಪಳಿಸಿದ ಕ್ಷಣದಲ್ಲಿಯೇ ಆ ಕಬ್ಬಿಣದ ಬಹುಭಾಗವು ಕರಗಿ ಚೆದುರಿಹೋಗಿದ್ದಿತು. ಅವನ ಸಾಕ್ಷಿಯು ಪಾತಾಳದಲ್ಲಿರಲಿಲ್ಲ. ಹಿಟ್ಟಿನಂತೆ ನುಗ್ಗಾಗಿದೆಯೆಂದು ಅವನೇ ಕಂಡು ಬರೆದಿಟ್ಟ ಬಿಳಿಯ ಮರಳುಕಲ್ಲಿನಲ್ಲಿದ್ದಿತು. ಅದನ್ನು ಓದುವ ವಿದ್ಯೆಯು ಆಗ ಹುಟ್ಟಿರಲಿಲ್ಲ, ಅಷ್ಟೆ.

ಆ ವಿದ್ಯೆಯ ಮರ್ಮವನ್ನು ತಿಳಿಯಲು ನಮಗೆಲ್ಲ ಪರಿಚಿತವಾದ ಬೆಣಚುಕಲ್ಲನ್ನು ನೆನೆಯೋಣ. ಮರಳುಕಲ್ಲಿನ ಕಣಗಳು ಬಹುಮಟ್ಟಿಗೆ ಅದೇ. ಸಿಲಿಕನ್ ಪರಮಾಣುವೊಂದರ ಸುತ್ತ ನಾಲ್ಕು ಆಮ್ಲಜನಕದ ಪರಮಾಣುಗಳು. ಕಟ್ಟಡವು ತುಸು ಸಡಿಲ. ಅದರ ಸಾಂದ್ರತೆ ನೀರಿನ ೨.೬೫ರಷ್ಟು. ೧೯೫೩ರಲ್ಲಿ ಲೋರಿಂಗ್ ಕೋಸ್ ಎಂಬ ರಸಾಯನಶಾಸ್ತ್ರಜ್ಞನು ವಾಯುಮಂಡಲದ ಒತ್ತಡಕ್ಕೆ ಸುಮಾರು ೩೫,೦೦೦ ಮಡಿ ಒತ್ತಡವನ್ನು ಹೇರಿ, ಅದೇ ದ್ರವ್ಯದ ಬಿಗಿಯಾದ ಹೊಸ ಹರಳನ್ನು ಪಡೆದನು. ಅದಕ್ಕೆ ಕೋಸೈಟ್ ಎಂದು ಹೆಸರಾಯಿತು. ೧೯೬೦ರಲ್ಲಿ ಚಾವೋ, ಷೂಮೇಕರ್ ಮೊದಲಾದವರು ಅರಿಜೋನಾದ ಆ ಮರಳುಕಲ್ಲಿನಲ್ಲಿಯೇ ಇದನ್ನು ಕಂಡರು. ೧೯೬೧ರಲ್ಲಿ ರಷ್ಯದ ಸ್ತಿಷೋವ್ ಮತ್ತು ಪೊಪೋವಾ ಇನ್ನೂ ಬಿಗಿಯಾದ ರೂಪವನ್ನು ನಿರ್ಮಿಸಿದರು. ಅದರಲ್ಲಿ ಸಿಲಿಕನ್ನಿನ ಸುತ್ತ ಆರು ಆಮ್ಲಜನಕ, ಸಾಂದ್ರತೆ ೪.೩. ಈ ಸ್ತಿಷೋವೈಟ್ ಮರುವರ್ಷವೇ ಅರಿಜೋನಾದಲ್ಲಿ ಸಿಕ್ಕಿತು.

ಜ್ವಾಲಾಮುಖಿಯ ಉಗ್ರತೆ ಎಷ್ಟೇ ಇರಲಿ, ನೆಲದ ಮೇಲ್ಮೈಯಲ್ಲಿ ಇಂಥ ಒತ್ತಡವನ್ನು ಅದು ಹುಟ್ಟಿಸಲಾರದು. ಸೆಕೆಂಡಿಗೆ ಹಲವು ಮೈಲಿಗಳ ವೇಗದಿಂದ ಬಂದೆರಗುವ ಉಲ್ಕೆಯು ಶಿಲೆಯೊಳಕ್ಕೆ ಆಘಾತದ ಅಲೆಯೊಂದನ್ನು ಕಳುಹುತ್ತದೆ. ಅಲೆಯು ಹಿಂಡಿ ಬಿಡುವುದು ಕಣ್ಣೆವೆಯಿಕ್ಕುವುದರೊಳಗೆ. ಕೆಲವು ಹರಳುಗಳಿಗೆ ಮರಳಿ ಬೆಣಚಾಗಲು ಅವಕಾಶವಾಗುವುದಿಲ್ಲ, ಹಾಗೆಯೇ ಉಳಿದುಬಿಡುತ್ತವೆ. ಒಂದು ಎಚ್ಚರಿಕೆಯೂ ಬೇಕು: ಭೂಮಿಯ ಆಳದಿಂದ ಮೇಲೆದ್ದು ಬಂದ ಶಿಲೆಗಳಲ್ಲಿಯೂ ಕೋಸೈಟ್ ದೊರೆತಿರುವುದರಿಂದ, ಅದೊಂದನ್ನೇ ನೆಚ್ಚಿ ತೀರ್ಪುಕೊಡಲಾಗದು.

ಜರ್ಮನಿಯ ನೋರ್ಡ್ಲಿಂಗೆನ್ ಪಟ್ಟಣದ ಹಳೆಯ ಇಗರ್ಜಿಯನ್ನು ಕಟ್ಟಿರುವ ಕಲ್ಲು ಜ್ವಾಲಾಮುಖಿಯದೆಂದು ನಂಬಲಾಗಿದ್ದಿತು. ಆ ಜಾತಿಯ ಕಲ್ಲಿನಲ್ಲಿಯೂ ಕೋಸೈಟ್ ಕಂಡಿತು. ಊರೇ ಉಲ್ಕಾಗರ್ತದೊಳಗಿದೆ!

ನಮ್ಮ ದೇಶದ ಲೋಣಾರ್ ಸರೋವರದ ಸಂಗತಿ ಬೇರೆ. ಮಹಾರಾಷ್ಟ್ರದ ಆ ಗರ್ತವಿರುವುದು ದಖನ್ನಿನ ಕರಿಯ ಲಾವಾಶಿಲೆಯಲ್ಲಿ. ಅಲ್ಲಿ ಮರಳುಕಲ್ಲಿನ ಸಾಕ್ಷಿಯಿಲ್ಲ. ಆ ಶಿಲೆಯ ಫೆಲ್ಸ್ಪಾರ್ ಹರಳುಗಳು ಆಘಾತದಿಂದ, ತಮ್ಮ ಆಕಾರವನ್ನು ಬಿಡದೆಯೇ, ಗಾಜಾಗಿವೆಯೆಂದು ೧೯೭೩ರಲ್ಲಿ ಪ್ರಕಟವಾಯಿತು. ಈ ಗಾಜಿನ ಹೆಸರು ಮಾಸ್ಕೆಲಿನೈಟ್. ಇದನ್ನು ಮೊದಲು ೧೮೭೨ರಲ್ಲಿ ಚೆರ್ಮಾಕ್ ಎಂಬ ವಿದ್ವಾಂಸನು ವರ್ಣಿಸಿದುದು, ೧೮೬೫ರಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಉಲ್ಕೆಯೊಳಗೆ. ಆ ಉಲ್ಕೆಯು ಮಂಗಳಗ್ರಹದ ಶಿಲೆಯೆಂದು ಈಗ ನಿಶ್ಚಯವಾಗಿದೆ; ಅಲ್ಲಿ ಇಂಥದೇ ಒಂದು ಆಘಾತವು ಅದನ್ನು ಆಕಾಶಕ್ಕೆ ಚಿಮ್ಮಿಸಿದ್ದಿತು.