ಕಳ್ಳನ ಕೈಗೆ ಕೋವಿ ಸಿಗದಂತೆ

ಕೊಡಗಿನ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳಿಗೆ, ಮಲೆನಾಡಿನ ತೋಟದ ಮನೆಗಳಿಗೆ ಕೋವಿ ಹೊಸತಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಂದ್ರ ಸರ್ಕಾರ ಅದನ್ನು ಮುಂದುವರಿಸುತ್ತ ಬಂದಿದ್ದು, ಈಗಿನ ಅವಧಿ 2029ರ ಅಕ್ಟೋಬರ್‌ವರೆಗೆ ಇದೆ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಶಿವಮೊಗ್ಗ, ಚಿಕ್ಕಮಗಳೂರು, ದಕ್ಷಿಣ ಕನ್ನಡದ ಕೃಷಿಕರು ಹಂದಿ, ಮಂಗಗಳ ಕಾಟಕ್ಕೆ ಬೆಳೆ ರಕ್ಷಣೆಯ ಪರವಾನಗಿ ಪಡೆದು ಕೋವಿ ಇಟ್ಟುಕೊಳ್ಳುತ್ತಾರೆ.

ಕೋವಿ ಇರುವ ಮನೆಗೆ ಕಳ್ಳ ಬರುವುದಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಆದರೆ ಮನೆಗಳ್ಳ ಹೊಂಚು ಹಾಕುವುದೇ ಮನೆಯವರೆಲ್ಲ ಮದುವೆಗೋ ಜಾತ್ರೆಗೋ ಹೋದ ಹೊತ್ತಿಗೆ. ಆಗ ಕೋವಿ ಯಾರನ್ನೂ ಕಾಯುವುದಿಲ್ಲ, ಚಿನ್ನದ ಜೊತೆ ಅದೂ ಮೂಟೆ ಸೇರುತ್ತದೆ. ಚಿನ್ನ ಹೋದರೆ ನಷ್ಟ ನಮ್ಮದು. ಕೋವಿ ಹೋದರೆ ನಾವು ಮುಖವನ್ನೇ ನೋಡಿರದ ಯಾರದೋ ಜೀವಕ್ಕೆ ಅದು ಎರವಾಗಬಹುದು. ಹಾಗಾಗಿ ಕೋವಿಗೆ ಒಡವೆಗಿಂತ ಭದ್ರವಾದ ಜಾಗ ಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಕಳ್ಳನಿಗೆ ಇಲ್ಲದಿರುವುದು ಸಮಯ. ಮಲಗುವ ಕೋಣೆ, ಬೀರು, ಹಾಸಿಗೆಯಡಿ, ಅಟ್ಟ ಇಷ್ಟನ್ನು ಆತುರದಲ್ಲಿ ಜಾಲಾಡಿ ಹೊರಡುತ್ತಾನೆ. ನಾವು ಬಚ್ಚಿಡುವ ಜಾಗಗಳೂ ಇವೇ! ಬಚ್ಚಿಡುವುದರಿಂದ ಏನೂ ಆಗದು. ತೆಗೆಯಲು ಹೊತ್ತು ಹಿಡಿಯಬೇಕು, ಸದ್ದಾಗಬೇಕು. ಬಟ್ಟೆಬರೆ ಇಡುವ ಬೀರುವಿನ ತಗಡು ತೆಳು, ಹಾರೆಯ ತುದಿಗೆ ಬಾಗಿಬಿಡುತ್ತದೆ. ಬ್ರಿಟನ್ನಿನಲ್ಲಿ ಕೋವಿ ಕಪಾಟಿಗೆಂದೇ ಒಂದು ಮಾನಕವಿದೆ, ಅದರಂತೆ ಉಕ್ಕಿನ ತಗಡು ಕನಿಷ್ಠ 2 ಮಿಲಿಮೀಟರ್ ದಪ್ಪ ಇರಬೇಕು. ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಪಾಟು ಮಾಡಿಸುವವರು ಈ ಅಳತೆಯನ್ನೇ ಹೇಳಬಹುದು. ಬಾಗಿಲಿನ ಕೀಲುಗಳು ಹೊರಗೆ ಕಾಣದಿರಲಿ, ಬೀಗ ಎರಡಿರಲಿ.

ಎಷ್ಟೇ ಗಟ್ಟಿಯಾದರೂ ಸುಮ್ಮನೆ ನಿಲ್ಲಿಸಿದ ಕಪಾಟಿನಿಂದ ಪ್ರಯೋಜನವಿಲ್ಲ. ಅದನ್ನು ಅಂಗಾತ ಕೆಡವಿದರೆ ಹಾರೆ ಮೀಟಲು ಸಲೀಸು. ಇಬ್ಬರಿದ್ದರೆ ಇಡೀ ಕಪಾಟನ್ನೇ ಜೀಪಿಗೇರಿಸಿಯಾರು. ಒಳಗಿನಿಂದ ಬೋಲ್ಟು ಬಿಗಿದು ಗೋಡೆಗೂ ನೆಲಕ್ಕೂ ಹಿಡಿಸಬೇಕು. ಹಳೆಯ ಮನೆಗಳಲ್ಲಿ ಇಲ್ಲೊಂದು ತೊಡಕಿದೆ. ಮಣ್ಣಿನ ಗೋಡೆ ಬೋಲ್ಟನ್ನು ಕಚ್ಚಿ ಹಿಡಿಯುವುದಿಲ್ಲ, ಜಂಬಿಟ್ಟಿಗೆಯನ್ನೂ ಪೂರ್ತಿ ನಂಬುವಂತಿಲ್ಲ. ಅಂಥಲ್ಲಿ ಒಳಕೋಣೆಯ ಮೂಲೆಯಲ್ಲಿ ನೆಲ ಅಗೆದು ಕಾಂಕ್ರೀಟು ಸುರಿದು, ಅದರಲ್ಲೇ ಬೋಲ್ಟುಗಳನ್ನು ಹೂತು ಕಪಾಟು ಕೂರಿಸುವುದು ಒಳ್ಳೆಯದು. ಮೂಲೆಯಾದರೆ ಹಾರೆ ಬೀಸಲು ಎಡೆಯೂ ಇರದು.

ಮಳೆಗಾಲದಲ್ಲಿ ಮುಚ್ಚಿಟ್ಟರೆ ಕೋವಿಗೆ ತುಕ್ಕು ಹಿಡಿಯುತ್ತದೆ ಎಂದು ಎಷ್ಟೋ ಮಂದಿ ಅದನ್ನು ಗೋಡೆಯ ಗೂಟಕ್ಕೇ ನೇತುಹಾಕುತ್ತಾರೆ. ಆ ಅಂಜಿಕೆ ಸುಳ್ಳಲ್ಲ. ಜೂನ್‌ನಿಂದ ತಿಂಗಳುಗಟ್ಟಲೆ ಬಿಡದೆ ಸುರಿಯುವ ಊರಲ್ಲಿ ಕಪಾಟಿನೊಳಗೂ ತೇವ ಕೂರುತ್ತದೆ. ಆದರೆ ಅದಕ್ಕೆ ಉಪಾಯವಿದೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು ಆಗಾಗ ಬದಲಿಸಿ. ನಳಿಗೆಯ ಒಳಹೊರಗೆ ತೆಳುವಾಗಿ ಎಣ್ಣೆ ಸವರಿ. ಬಟ್ಟೆ ಅಥವಾ ಚರ್ಮದ ಚೀಲದಿಂದ ಹೊರತೆಗೆದು ಕೋವಿಯನ್ನು ಹಾಗೇ ನಿಲ್ಲಿಸಿ, ಏಕೆಂದರೆ ಚೀಲವೇ ತೇವ ಹಿಡಿದಿಡುತ್ತದೆ.

ಒಳಗಿಡುವ ಮೊದಲು ಕೋವಿ ಖಾಲಿಯೆಂದು ಕಣ್ಣಾರೆ ನೋಡಿಕೊಳ್ಳಿ. ಮಡಚುವ ಜೋಡಿನಳಿಗೆ ಕೋವಿಯಲ್ಲಿ ನಳಿಗೆಯಡಿ ಎಡಗೈ ಹಿಡಿಯುವ ಮರದ ತುಂಡು ಕಳಚಿ ಬರುತ್ತದೆ. ಅದಿಲ್ಲದಿದ್ದರೆ ನಳಿಗೆ ಹಿಡಿಗೆ ಭದ್ರವಾಗಿ ಕೂರದು. ಆ ತುಂಡನ್ನು ಬೇರೆ ಕೋಣೆಯಲ್ಲಿ, ಬೇರೆ ಬೀಗದಡಿ ಇಟ್ಟರೆ ಕಪಾಟು ಒಡೆದವನಿಗೂ ಅರೆಕೋವಿಯೇ ಸಿಗುವುದು. ತೋಟಾಗಳ ಪೆಟ್ಟಿಗೆಯೂ ಪ್ರತ್ಯೇಕವಾಗಿರಲಿ. ಕೋವಿಯ ಕುದುರೆಗೆ (ಟ್ರಿಗರ್‌ಗೆ) ಹಾಕುವ ಸಣ್ಣ ಬೀಗ ಮಕ್ಕಳ ಕೈಯಿಂದ ಕಾಪಾಡುತ್ತದೆ. ಕೋವಿಯನ್ನೇ ಹೊತ್ತೊಯ್ಯುವವನಿಗೆ ಅದು ಅಡ್ಡಿಯಲ್ಲ.

ಇಷ್ಟೆಲ್ಲ ಮಾಡಿ ಬೀಗದ ಕೈಯನ್ನು ದೇವರ ಕೋಣೆಯ ಮೊಳೆಗೆ ಸಿಕ್ಕಿಸುವವರಿದ್ದಾರೆ. ದಯವಿಟ್ಟು ಬೇಡ. ಹಬ್ಬದ ದಿನ ಕೋವಿ ಹಿಡಿದ ಪಟವನ್ನು ಮೊಬೈಲಿನಲ್ಲಿ ಊರಿಗೆಲ್ಲ ಹಂಚುವುದೂ ಬೇಡ. ಯಾರ ಮನೆಯಲ್ಲಿ ಕೋವಿಯಿದೆ ಎಂಬುದು ಅದರಿಂದಲೇ ತಿಳಿಯುತ್ತದೆ.

ಮಕ್ಕಳ ಮನೆಗೆಂದು ಬೆಂಗಳೂರಿಗೋ ವಿದೇಶಕ್ಕೋ ಹೋಗಿ ತಿಂಗಳುಗಟ್ಟಲೆ ನಿಲ್ಲುವವರು ಖಾಲಿ ಮನೆಯಲ್ಲಿ ಕೋವಿ ಬಿಡಬಾರದು. ಪರವಾನಗಿ ಪಡೆದ ಕೋವಿ ವ್ಯಾಪಾರಿಗಳಲ್ಲಿ ಠೇವಣಿ ಇಡಬಹುದು, ಪೊಲೀಸ್ ಠಾಣೆಯಲ್ಲೂ ವಿಚಾರಿಸಬಹುದು. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು ನಮ್ಮ ಕೃಷಿಕರಿಗೆ ರೂಢಿಯೇ ಆಗಿದೆ. ಪರವಾನಗಿದಾರ ತೀರಿಕೊಂಡರೆ ಮನೆಯವರು ಕೋವಿಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ, ಠೇವಣಿ ಇಡಲೇಬೇಕೆಂಬುದು ಕಾಯ್ದೆ.

ಕೋವಿಯ ಸಂಖ್ಯೆ, ತಯಾರಕರ ಹೆಸರು, ಪರವಾನಗಿ ಅಥವಾ ವಿನಾಯಿತಿ ಪತ್ರದ ನಕಲು, ಗುರುತಿನ ಪಟಗಳು ಇವೆಲ್ಲ ಕಪಾಟಿನ ಹೊರಗಿರಲಿ, ಬೇರೆ ಊರಿನ ನೆಂಟರೊಬ್ಬರ ಬಳಿಯೂ ಒಂದು ಪ್ರತಿ ಇರಲಿ. ಕಳುವಾದುದು ತಿಳಿದ ಕೂಡಲೇ ಠಾಣೆಗೆ ದೂರು ಕೊಡಬೇಕು. ಬೈಗುಳಕ್ಕೆ ಹೆದರಿ ತಡಮಾಡಿದಷ್ಟೂ ಕೋವಿ ದೂರ ಹೋಗುತ್ತದೆ. ಸಂಖ್ಯೆ ಬರೆಸಿದ್ದರೆ ಎಲ್ಲೋ ಸಿಕ್ಕಿದ ಕೋವಿ ಯಾವ ಮನೆಯದೆಂದು ಪೊಲೀಸರು ಪತ್ತೆಹಚ್ಚಬಲ್ಲರು. ತೋಟಾಗಳೂ ಹೋಗಿದ್ದರೆ ಎಷ್ಟೆಂಬುದನ್ನು ದೂರಿನಲ್ಲಿ ಸೇರಿಸಿ.